ಗಿಡದ ವೈರಸ್‌ನೊಳಗೆ ಕೀಮೋ ಔಷಧಿ: ಇದು ಎಲ್ಲಿಯವರೆಗೆ ಬಂದಿದೆ?

ಹೇಮಾವತಿತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಡಾಕ್ಸೊರುಬಿಸಿನ್ ಸೇರಿದ ಕೀಮೋ ನಡೆಯುತ್ತಿದೆ. ಶುರು ಮಾಡುವ ಮುಂಚೆ ಹೃದಯದ ಎಕೋ ಮಾಡಿಸಿದರು. ಮುಂದೆಯೂ ಮಾಡಿಸಬೇಕಾಗಬಹುದು ಅಂದಿದ್ದಾರೆ. ಈಗ ಮನೆಯ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂದಿದೆ. ಗಿಡಗಳಿಗೆ ಬರುವ ವೈರಸ್‌ನ ಒಳಗೆ ಇದೇ ಔಷಧಿ ತುಂಬಿ ನೇರ ಗಡ್ಡೆಗೆ ಕಳಿಸುತ್ತಾರಂತೆ, ಕೂದಲು ಉದುರುವುದಿಲ್ಲವಂತೆ, ಹೃದಯಕ್ಕೂ ಏನೂ ಆಗುವುದಿಲ್ಲವಂತೆ. ಅದನ್ನು ನೋಡಿದಾಗಿನಿಂದ ಚಿಕ್ಕಪ್ಪ, "ಉಳಿದ ಸುತ್ತುಗಳನ್ನು ತಡೆದು ಇದು ಎಲ್ಲಿ ಸಿಗುತ್ತೆ ಅಂತ ವಿಚಾರಿಸೋಣ" ಎನ್ನುತ್ತಿದ್ದಾರೆ.

ಇದು ನಿಜವೇ? ನಿಜವಾದರೆ ಎಲ್ಲಿ ಕೊಡುತ್ತಾರೆ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಬೇಕು.

ಡೇಕೇರ್ಸಿಸ್ಟರ್

ಮೊದಲು ಚಿಕ್ಕಪ್ಪನವರಿಗೆ ಇಷ್ಟು ಹೇಳಿ: ಒಂದು ಸುತ್ತನ್ನೂ ತಡೆಯಬೇಡಿ. ಮಂಗಳೂರಿನಲ್ಲಿ ಕೀಮೋ ಡೇಕೇರ್ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ವಿಡಿಯೊದಲ್ಲಿರುವುದು ಯಾವ ಆಸ್ಪತ್ರೆಯಲ್ಲೂ ಕೊಡುವ ಚಿಕಿತ್ಸೆ ಅಲ್ಲ. ಸುತ್ತುಗಳ ನಡುವಿನ ಅಂತರವನ್ನು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಅದು ಸುಮ್ಮನೆ ಉದ್ದವಾದರೆ ಉಳಿದ ಕ್ಯಾನ್ಸರ್ ಕೋಶಗಳಿಗೆ ಮತ್ತೆ ಬೆಳೆಯಲು ಸಮಯ ಸಿಗುತ್ತದೆ.

ಎಕೋ ವಿಷಯಕ್ಕೆ ಹೆದರಬೇಡಿ. ಡಾಕ್ಸೊರುಬಿಸಿನ್ ಹೃದಯದ ಸ್ನಾಯುವಿಗೆ ತೊಂದರೆ ಕೊಡಬಲ್ಲದು, ಆ ತೊಂದರೆ ಒಟ್ಟು ಪ್ರಮಾಣದ ಜೊತೆ ಏರುತ್ತದೆ. ಅದಕ್ಕೇ ಜೀವಮಾನದಲ್ಲಿ ಇಷ್ಟೇ ಅಂತ ಮಿತಿ ಇದೆ. ಸಾಮಾನ್ಯವಾಗಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 450ರಿಂದ 550 ಮಿಲಿಗ್ರಾಂ ಒಳಗೆ. ಸ್ತನ ಕ್ಯಾನ್ಸರಿಗೆ ಕೊಡುವ ಮಾಮೂಲಿ ನಾಲ್ಕು ಸುತ್ತುಗಳಲ್ಲಿ ಸುಮಾರು 240 ಆಗುತ್ತದೆ. ಮೂತ್ರ ಒಂದೆರಡು ದಿನ ಕೆಂಪಾಗುವುದು ಔಷಧಿಯ ಬಣ್ಣದಿಂದ, ರಕ್ತ ಅಲ್ಲ. ಡ್ರಿಪ್ ಹೋಗುತ್ತಿರುವಾಗ ಸೂಜಿಯ ಜಾಗದಲ್ಲಿ ಉರಿ ಅಥವಾ ಊತ ಅನ್ನಿಸಿದರೆ ಆ ಕ್ಷಣವೇ ಸಿಸ್ಟರಿಗೆ ಹೇಳಬೇಕು. ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಎರಡೂ ಸುಟ್ಟುಹೋಗುತ್ತವೆ. ಈ ಔಷಧಿಯನ್ನು ಗಡ್ಡೆಗೆ ಮಾತ್ರ ತಲುಪಿಸುವ ಆಸೆ ಸಂಶೋಧಕರಿಗೆ ಯಾಕಿದೆ ಅಂತ ನಮ್ಮ ವಾರ್ಡಿನಲ್ಲಿ ಒಂದು ದಿನ ಕೂತರೆ ಅರ್ಥವಾಗುತ್ತದೆ.

ಎಲೆಮೊಸಾಯಿಕ್

ಸಿಸ್ಟರ್ ಹೇಳಿದ್ದೇ ಮೊದಲ ಮಾತು. ಅದರ ಮೇಲೆ ವಿಜ್ಞಾನದ ಭಾಗ ನಾನು ಹೇಳುತ್ತೇನೆ. ಸಸ್ಯ ವೈರಸ್‌ಗಳ ಮೇಲೆ ಪಿಎಚ್‌ಡಿ ಮಾಡಿದವಳು, ಈ ವಿಷಯ ನನಗೆ ಬಹಳ ಹತ್ತಿರದ್ದು.

ವಿಡಿಯೊದಲ್ಲಿರುವ ವಿವರ ನೋಡಿದರೆ ಅದರ ಮೂಲ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಕೆಲಸ ಇರಬೇಕು. ಅಲ್ಲಿ ರಸಾಯನಶಾಸ್ತ್ರಜ್ಞ ಸ್ಟೀಫನ್ ಫ್ರಾಂಜನ್ ಮತ್ತು ಸಸ್ಯ ವೈರಸ್ ತಜ್ಞ ಸ್ಟೀವನ್ ಲೊಮೆಲ್ ಸೇರಿ ರೆಡ್ ಕ್ಲೋವರ್ ನೆಕ್ರೋಟಿಕ್ ಮೊಸಾಯಿಕ್ ವೈರಸ್ ಎಂಬುದನ್ನು ಔಷಧಿ ಹೊರುವ ಕಣವಾಗಿ ಮಾಡಿದರು. ರೆಡ್ ಕ್ಲೋವರ್ ಎಂದರೆ ತಂಪು ದೇಶಗಳಲ್ಲಿ ದನಗಳ ಮೇವಿಗೆ ಬೆಳೆಯುವ ದ್ವಿದಳ ಗಿಡ. ವೈರಸ್‌ನ ಅಗಲ ಸುಮಾರು 36 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ). ಒಂದೇ ಬಗೆಯ ಪ್ರೋಟೀನಿನ 180 ಪ್ರತಿಗಳು ಜೋಡಿಕೊಂಡು ಅದರ ಕವಚ ಆಗಿದೆ, ಒಳಗೆ ಅದರ ಜೀನುಗಳಿರುವ ಆರ್‌ಎನ್‌ಎ.

ಈ ವೈರಸ್ ಮಣ್ಣಿನಲ್ಲಿ ಬದುಕುಳಿದು ಬೇರಿನ ಮೂಲಕ ಗಿಡಕ್ಕೆ ಬರುತ್ತದೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಧಾರಾಳ. ಆ ಕ್ಯಾಲ್ಸಿಯಂ ಅಯಾನುಗಳು ಕವಚದ ಪ್ರೋಟೀನುಗಳ ಸಂದಿಯಲ್ಲಿ ಕೂತು ಅದನ್ನು ಬಿಗಿಯಾಗಿ ಹಿಡಿದಿರುತ್ತವೆ. ಗಿಡದ ಜೀವಕೋಶದ ಒಳಗೆ ಕ್ಯಾಲ್ಸಿಯಂ ತೀರಾ ಕಡಿಮೆ. ವೈರಸ್ ಅಲ್ಲಿಗೆ ಹೋದ ಕೂಡಲೇ ಅಯಾನುಗಳು ಕಳಚುತ್ತವೆ, ಕವಚದಲ್ಲಿ ರಂಧ್ರಗಳು ತೆರೆಯುತ್ತವೆ, ಆರ್‌ಎನ್‌ಎ ಹೊರಬರುತ್ತದೆ. ಸೋಂಕು ಶುರುವಾಗುವುದು ಹೀಗೆ.

ಸಂಶೋಧಕರು ಇದನ್ನೇ ಬಳಸಿಕೊಂಡರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹೀರಿಕೊಳ್ಳುವ ರಾಸಾಯನಿಕ ಹಾಕಿದರೆ ಪಾತ್ರೆಯಲ್ಲೇ ರಂಧ್ರ ತೆರೆಯುತ್ತದೆ. ಆಗ ಡಾಕ್ಸೊರುಬಿಸಿನ್ ಒಳಹೋಗಿ ಆರ್‌ಎನ್‌ಎಗೆ ಅಂಟಿಕೊಳ್ಳುತ್ತದೆ, ಏಕೆಂದರೆ ಔಷಧಿಗೆ ಧನ ವಿದ್ಯುದಂಶ, ಆರ್‌ಎನ್‌ಎಗೆ ಋಣ. ಕ್ಯಾಲ್ಸಿಯಂ ವಾಪಸ್ ಸೇರಿಸಿದರೆ ಕವಚ ಮುಚ್ಚಿತು. ನಮ್ಮ ರಕ್ತದಲ್ಲಿ ಕ್ಯಾಲ್ಸಿಯಂ ಸಾಕಷ್ಟಿರುವುದರಿಂದ ದಾರಿಯುದ್ದಕ್ಕೂ ಅದು ಮುಚ್ಚಿಯೇ ಇರಬೇಕು. ಜೀವಕೋಶದ ಒಳಗೆ ಕ್ಯಾಲ್ಸಿಯಂ ರಕ್ತಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ, ಅಲ್ಲಿ ತೆರೆಯಬೇಕು. ಕವಚದ ಹೊರಮೈಗೆ ಕ್ಯಾನ್ಸರ್ ಕೋಶದ ಗುರುತು ಹಿಡಿಯುವ ಪೆಪ್ಟೈಡ್‌ಗಳನ್ನೂ (ಪುಟ್ಟ ಪ್ರೋಟೀನ್ ತುಣುಕುಗಳು) ಅಂಟಿಸಿದರು. ಗಿಡದ ಕೋಶಕ್ಕಾಗಿ ವಿಕಾಸವಾದ ಈ ಏರ್ಪಾಡು ಪ್ರಾಣಿ ಕೋಶದಲ್ಲೂ ಕೆಲಸ ಮಾಡುತ್ತದೆ ಅನ್ನುವುದು ನನಗೆ ಇವತ್ತಿಗೂ ರೋಮಾಂಚನ ತರುವ ಸಂಗತಿ.

ಇದೆಲ್ಲ ಪ್ರಯೋಗಾಲಯದ ಮಾತು. ಯಾವ ಸಸ್ಯ ವೈರಸ್ ಕಣಕ್ಕೂ ಕ್ಯಾನ್ಸರ್ ಚಿಕಿತ್ಸೆಗಾಗಿ ಯಾವ ದೇಶದ ಔಷಧ ನಿಯಂತ್ರಕರಿಂದಲೂ ಅನುಮೋದನೆ ಸಿಕ್ಕಿಲ್ಲ.

ಕಬ್ಬಿನಗದ್ದೆ

ಮೇಡಂ, ಓದಿ ಸಂತೋಷ ಆಯ್ತು. ಇಡೀ ಹೊಲಕ್ಕೆ ಸಿಂಪಡಿಸೋ ಬದಲು ಕಳೆಯ ಬುಡಕ್ಕೆ ಮಾತ್ರ ಮದ್ದು ಹಾಕಿದ ಹಾಗೆ ಅಂತ ತಿಳ್ಕೊಂಡೆ. ಆದ್ರೆ ನಂಗೊಂದು ಭಯ. ನಮ್ ಕಡೆ ನಂಜು ರೋಗ ಬಂದ್ರೆ ಗಿಡ ಹಳದಿಯಾಗಿ ಮುದುಡಿ ಹೋಗುತ್ತೆ, ಅದಕ್ಕೆ ಮದ್ದೇ ಇಲ್ಲ. ಅಂಥ ವೈರಸ್ಸನ್ನ ಮನುಷ್ಯನ ರಕ್ತಕ್ಕೆ ಬಿಟ್ರೆ ಅದು ನಮ್ ಮೈಯಲ್ಲಿ ಬೆಳೆಯಲ್ವಾ?

ಎಲೆಮೊಸಾಯಿಕ್

ಬೆಳೆಯುವುದಿಲ್ಲ ಸರ್. ಸಸ್ಯ ವೈರಸ್‌ಗೆ ನಮ್ಮ ಕೋಶದಲ್ಲಿ ತನ್ನ ಪ್ರತಿ ಮಾಡಿಕೊಳ್ಳಲು ಬರುವುದಿಲ್ಲ. ನಾವು ದಿನಾ ತರಕಾರಿ ಜೊತೆ ಅವುಗಳನ್ನು ತಿನ್ನುತ್ತಲೇ ಇದ್ದೇವೆ. ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿಗೆ ಬರುವ ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್ ಮನುಷ್ಯರ ಮಲದಲ್ಲಿ ಎಷ್ಟು ಹೇರಳವಾಗಿ ಸಿಗುತ್ತದೆ ಎಂದರೆ, ನೀರಿಗೆ ಚರಂಡಿ ಬೆರೆತಿದೆಯೇ ಎಂದು ತಿಳಿಯಲು ಈಗ ಅದನ್ನೇ ಗುರುತಾಗಿ ಬಳಸುತ್ತಾರೆ. 2006ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಇದು ಗೊತ್ತಾಯಿತು.

ಹಾಗಂತ ನಮ್ಮ ದೇಹಕ್ಕೆ ಅದರ ಪರಿವೆಯೇ ಇಲ್ಲ ಅಂತಲ್ಲ. ತಂಬಾಕಿನ ಮೊಸಾಯಿಕ್ ವೈರಸ್ ವಿರುದ್ಧ ಮನುಷ್ಯರ ರಕ್ತದಲ್ಲಿ ಪ್ರತಿಕಾಯಗಳು ಇರುವುದನ್ನು ಕಂಡಿದ್ದಾರೆ, ಸಿಗರೇಟು ಸೇದುವವರಲ್ಲಿ ಹೆಚ್ಚು. ಸೋಂಕು ತಗಲದೆ ಇದ್ದರೂ ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ಹೊರಗಿನದು ಅಂತ ಗುರುತಿಸುತ್ತದೆ. ಇದು ಮುಂದೆ ಮುಖ್ಯವಾಗುತ್ತದೆ.

ಔಷಧಶಾಸ್ತ್ರಪಾಠ

ಫಾರ್ಮಕಾಲಜಿ ಪಾಠ ಮಾಡುವವನು ನಾನು. ಎಲೆಮೊಸಾಯಿಕ್ ಅವರ ವಿವರಣೆ ಸರಿಯಾಗಿದೆ, ಆದರೆ "ಗಡ್ಡೆಗೆ ಮಾತ್ರ" ಅನ್ನುವ ಮಾತಿಗೆ ನನ್ನ ತಕರಾರಿದೆ. ನ್ಯಾನೋ ಔಷಧಿಗಳ ಬಗ್ಗೆ ಇಪ್ಪತ್ತು ಮೂವತ್ತು ವರ್ಷಗಳಿಂದ ಇದೇ ಮಾತು ಕೇಳುತ್ತಿದ್ದೇವೆ.

1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ ಒಂದು ಸಂಗತಿ ತೋರಿಸಿದರು. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಅವುಗಳ ಗೋಡೆಯಲ್ಲಿ ಬಿರುಕು ಹೆಚ್ಚು. ದೊಡ್ಡ ಅಣುಗಳು ಅಲ್ಲಿ ಸೋರಿ ಒಳಗೇ ಉಳಿದುಬಿಡುತ್ತವೆ. ನ್ಯಾನೋ ಔಷಧಿಗಳ ಬಹುಪಾಲು ನಿಂತಿರುವುದು ಇದರ ಮೇಲೆ. ಇಲಿಯಲ್ಲಿ ಗಡ್ಡೆ ಭರದಿಂದ ಬೆಳೆಯುತ್ತದೆ, ಹಾಗಾಗಿ ಅದರ ನಾಳಗಳು ಚೆನ್ನಾಗಿ ಸೋರುತ್ತವೆ. ಮನುಷ್ಯರಲ್ಲಿ ಒಬ್ಬರಿಂದ ಒಬ್ಬರಿಗೆ, ಒಂದು ಗಡ್ಡೆಯಿಂದ ಇನ್ನೊಂದಕ್ಕೆ ವ್ಯತ್ಯಾಸ ಬಹಳ. ಟೊರಾಂಟೊದ ವಾರನ್ ಚಾನ್ ಅವರ ತಂಡ ಹತ್ತು ವರ್ಷಗಳ ಪ್ರಕಟಿತ ಪ್ರಯೋಗಗಳನ್ನು ಒಟ್ಟು ಹಾಕಿ 2016ರಲ್ಲಿ ಲೆಕ್ಕ ಕೊಟ್ಟಿತು: ಚುಚ್ಚಿದ ನ್ಯಾನೋಕಣಗಳಲ್ಲಿ ಗಡ್ಡೆ ತಲುಪುವುದರ ಮಧ್ಯಾಂಕ ಶೇ 0.7. ನೂರಕ್ಕೆ ಒಂದೂ ಇಲ್ಲ! ಉಳಿದದ್ದರ ದೊಡ್ಡ ಪಾಲನ್ನು ಯಕೃತ್ತು ಮತ್ತು ಗುಲ್ಮದಲ್ಲಿರುವ ಕಬಳಿಸುವ ಕೋಶಗಳು ಹಿಡಿದುಹಾಕುತ್ತವೆ.

ಡಾಕ್ಸೊರುಬಿಸಿನ್ನನ್ನೇ ಲೈಪೊಸೋಮ್ ಎಂಬ ಕೊಬ್ಬಿನ ಗುಳ್ಳೆಯೊಳಗೆ ಇಟ್ಟ ಡಾಕ್ಸಿಲ್ ಅಮೆರಿಕದಲ್ಲಿ 1995ರಿಂದ ಬಳಕೆಯಲ್ಲಿದೆ, ಆ ಬಗೆಯ ಔಷಧಿ ನಮ್ಮ ದೇಶದಲ್ಲೂ ಸಿಗುತ್ತದೆ. ಹೃದಯದ ತೊಂದರೆ ಕಡಿಮೆಯಾಯಿತು, ಅದು ದೊಡ್ಡ ಲಾಭ. ಆದರೆ ಅಂಗೈ ಅಂಗಾಲು ಕೆಂಪಾಗಿ ಸುಲಿಯುವ ಬೇರೆ ತೊಂದರೆ ಬಂತು. ಕ್ಯಾನ್ಸರ್ ಗುಣವಾಗುವ ಪ್ರಮಾಣದಲ್ಲಿ ನಿರೀಕ್ಷಿಸಿದಷ್ಟು ಏರಿಕೆ ಆಗಲಿಲ್ಲ. ಸಸ್ಯ ವೈರಸ್ ಇದಕ್ಕಿಂತ ಹೇಗೆ ಮೇಲು ಅನ್ನುವುದಕ್ಕೆ ಉತ್ತರ ಬೇಕು.

ಎಲೆಮೊಸಾಯಿಕ್

ನ್ಯಾಯವಾದ ಪ್ರಶ್ನೆ ಸರ್. ಶೇ 0.7ರ ಲೆಕ್ಕವನ್ನು ನಾನೂ ಒಪ್ಪುತ್ತೇನೆ. ಹೊರುವ ಕಣವಾಗಿ ಸಸ್ಯ ವೈರಸ್‌ಗೆ ಎರಡು ಅನುಕೂಲ ಇವೆ, ಆಮೇಲೆ ಒಂದು ದೊಡ್ಡ ತಿರುವು ಇದೆ.

ಒಂದು, ಕಣಗಳೆಲ್ಲ ಒಂದೇ ಅಳತೆ. ಕಾರ್ಖಾನೆಯಲ್ಲಿ ಮಾಡಿದ ಲೈಪೊಸೋಮ್‌ಗಳಲ್ಲಿ ದೊಡ್ಡದು ಚಿಕ್ಕದು ಬೆರೆತಿರುತ್ತದೆ. ವೈರಸ್ಸನ್ನು ಅದರ ಜೀನು ಹೇಳಿದ ಅಳತೆಗೇ ಗಿಡ ಕಟ್ಟುತ್ತದೆ. ಯಾವ ಅಮೈನೊ ಆಮ್ಲ ಎಲ್ಲಿದೆ ಅಂತ ಗೊತ್ತು, ಬೇಕಾದ ಜಾಗಕ್ಕೆ ಬೇಕಾದ್ದನ್ನು ಅಂಟಿಸಬಹುದು.

ಎರಡು, ಆಕಾರ. ತಂಬಾಕಿನ ಮೊಸಾಯಿಕ್ ವೈರಸ್ ನೇರ ಕೊಳವೆ: ಉದ್ದ 300 ನ್ಯಾನೋಮೀಟರ್, ಅಗಲ 18, ನಡುವೆ 4 ನ್ಯಾನೋಮೀಟರಿನ ಟೊಳ್ಳು. ಲೋಕದಲ್ಲಿ ಮೊಟ್ಟಮೊದಲು ಗುರುತಿಸಿದ ವೈರಸ್ ಇದು. 1892ರಲ್ಲಿ ಇವಾನೊವ್‌ಸ್ಕಿ, 1898ರಲ್ಲಿ ಬೈಜರಿಂಕ್ ಇದರ ಮೇಲೆ ಕೆಲಸ ಮಾಡಿದರು. 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ಇದನ್ನು ಹರಳಾಗಿಸಿದರು, 1946ರಲ್ಲಿ ನೊಬೆಲ್ ಬಂತು. ರೊಸಾಲಿಂಡ್ ಫ್ರಾಂಕ್ಲಿನ್ ತಮ್ಮ ಕೊನೆಯ ವರ್ಷಗಳಲ್ಲಿ ಇದರ ರಚನೆ ಬಿಡಿಸುತ್ತಿದ್ದರು. ಕ್ಯಾನ್ಸರಿನಿಂದಲೇ, ಮೂವತ್ತೇಳರ ವಯಸ್ಸಿನಲ್ಲಿ, 1958ರಲ್ಲಿ ತೀರಿಕೊಂಡರು. ಅವರು ಬಿಡಿಸಿದ ಅದೇ ಕೊಳವೆಯ ಒಳಗೋಡೆಯಲ್ಲಿ ಋಣ ವಿದ್ಯುದಂಶದ ಗ್ಲುಟಮಿಕ್ ಆಮ್ಲಗಳಿವೆ. 2016ರಲ್ಲಿ ಅಮೆರಿಕದ ಸಂಶೋಧಕಿ ನಿಕೋಲ್ ಸ್ಟೈನ್‌ಮೆಟ್ಜ್ ಅವರ ತಂಡ, ಎಂಐಟಿಯ ಸ್ಟೀಫನ್ ಲಿಪ್ಪಾರ್ಡ್ ಜೊತೆ ಸೇರಿ, ಫೆನಾಂತ್ರಿಪ್ಲಾಟಿನ್ ಎಂಬ ಪ್ಲಾಟಿನಂ ಔಷಧಿಯನ್ನು ಅದರೊಳಗೆ ತುಂಬಿತು. ಬರೀ ಔಷಧಿಗಿಂತ ಇದು ಇಲಿಗಳ ಸ್ತನ ಗಡ್ಡೆಯನ್ನು ಚೆನ್ನಾಗಿ ತಡೆಯಿತು. ಉದ್ದನೆಯ ಕಣಗಳು ರಕ್ತದ ಹರಿವಿನಲ್ಲಿ ನಾಳದ ಗೋಡೆಯ ಕಡೆಗೆ ಸರಿಯುತ್ತವೆ, ಕಬಳಿಸುವ ಕೋಶಗಳಿಗೆ ದುಂಡು ಕಣಗಳಷ್ಟು ಸುಲಭವಾಗಿ ಸಿಗುವುದಿಲ್ಲ.

ಇಲ್ಲಿಯವರೆಗೆ ಸರಿ. ಆದರೆ ನೀವು ಹೇಳಿದ ಯಕೃತ್ತಿನ ತೊಂದರೆ, ಪ್ರತಿಕಾಯಗಳ ತೊಂದರೆ ಎರಡೂ ಇಲ್ಲಿಯೂ ಇವೆ. ಮರೆಮಾಚಲು ಕವಚದ ಮೇಲೆ ಪಿಇಜಿ ಎಂಬ ಪಾಲಿಮರ್ ಅಥವಾ ರಕ್ತದ ಆಲ್ಬುಮಿನ್ ಪ್ರೋಟೀನ್ ಅಂಟಿಸುತ್ತಾರೆ, ಸ್ವಲ್ಪ ಸುಧಾರಿಸುತ್ತದೆ.

ತಿರುವು ಬಂದದ್ದು 2017ರಲ್ಲಿ. ಅದೇ ತಂಡ ಆಲೂಗಡ್ಡೆಯ ಎಕ್ಸ್ ವೈರಸ್‌ಗೆ ಡಾಕ್ಸೊರುಬಿಸಿನ್ ಜೋಡಿಸಿ ಇಲಿಗಳ ಮೆಲನೋಮಾ (ಬಣ್ಣದ ಕೋಶಗಳ ಕ್ಯಾನ್ಸರ್) ಗಡ್ಡೆಗೇ ನೇರ ಚುಚ್ಚಿತು. ಇನ್ನೊಂದು ಗುಂಪಿಗೆ ವೈರಸ್ ಮತ್ತು ಔಷಧಿ ಎರಡನ್ನೂ ಜೋಡಿಸದೆ ಬರೀ ಜೊತೆಯಾಗಿ ಕೊಟ್ಟರು. ಚೆನ್ನಾಗಿ ಕೆಲಸ ಮಾಡಿದ್ದು ಜೋಡಿಸದೆ ಇದ್ದದ್ದು. ಅಲ್ಲಿ ವೈರಸ್ ಬರೀ ಹೊರುವ ಕೆಲಸ ಮಾಡುತ್ತಿರಲಿಲ್ಲ, ಅದೇ ಒಂದು ಔಷಧಿಯಾಗಿತ್ತು. ಈ ಕ್ಷೇತ್ರದ ನಿಜವಾದ ಬಲ ಇರುವುದು ಇಲ್ಲೇ ಎಂದು ನಾನು ನಂಬುತ್ತೇನೆ.

ಹೇಮಾವತಿತೀರ

ವೈರಸ್ಸೇ ಔಷಧಿ ಅಂದರೆ ಹೇಗೆ ಅಕ್ಕ? ಅದು ಕೋಶದೊಳಗೆ ಬೆಳೆಯುವುದೇ ಇಲ್ಲ ಅಂದಿರಲ್ಲ?

ಎಲೆಮೊಸಾಯಿಕ್

ಬೆಳೆಯುವುದು ಬೇಡ. ಗಡ್ಡೆ ತನ್ನ ಸುತ್ತಲಿನ ರೋಗನಿರೋಧಕ ಕೋಶಗಳನ್ನು ಸುಮ್ಮನಾಗಿಸಿ ಇಟ್ಟುಕೊಂಡಿರುತ್ತದೆ. ಅಲ್ಲಿಗೆ ವೈರಸ್ ಕಣ ಹೋದರೆ ಆ ಕೋಶಗಳು ಅದನ್ನು ಅಪಾಯದ ಸೂಚನೆ ಎಂದು ಓದುತ್ತವೆ. ನ್ಯೂಟ್ರೋಫಿಲ್, ನ್ಯಾಚುರಲ್ ಕಿಲ್ಲರ್ ಎಂಬ ಬಿಳಿ ರಕ್ತಕಣಗಳು ಬರುತ್ತವೆ, ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಹೊರಬೀಳುತ್ತದೆ. ಹಾಗೆ ಎಚ್ಚೆತ್ತ ಕೋಶಗಳು ಗಡ್ಡೆಯ ಗುರುತುಗಳನ್ನು ಟಿ ಕೋಶಗಳಿಗೆ, ಅಂದರೆ ಗುರುತು ನೆನಪಿಟ್ಟು ದಾಳಿ ಮಾಡುವ ರೋಗನಿರೋಧಕ ಕೋಶಗಳಿಗೆ, ತೋರಿಸುತ್ತವೆ. ಮುಂದೆ ಅದೇ ಗುರುತು ಶ್ವಾಸಕೋಶದಲ್ಲಿ ಕಂಡರೂ ಟಿ ಕೋಶ ಹಿಡಿಯಬಲ್ಲದು.

ಇದಕ್ಕೆ ಹೆಸರಾದದ್ದು ಅಲಸಂದೆಯ ಮೊಸಾಯಿಕ್ ವೈರಸ್, ಸಿಪಿಎಂವಿ. ಅಮೆರಿಕದ ಡಾರ್ಟ್‌ಮೌತ್ ಸಂಸ್ಥೆಯ ಸ್ಟೀವನ್ ಫೈರಿಂಗ್ ಮತ್ತು ಸ್ಟೈನ್‌ಮೆಟ್ಜ್ ತಂಡಗಳು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರ್‌ಎನ್‌ಎ ಇಲ್ಲದ ಖಾಲಿ ಕಣಗಳೇ ಇಲಿಗಳಲ್ಲಿ ಮೆಲನೋಮಾ, ಸ್ತನ, ಅಂಡಾಶಯ, ಕರುಳಿನ ಗಡ್ಡೆಗಳ ವಿರುದ್ಧ ಕೆಲಸ ಮಾಡಿದವು. ಆರ್‌ಎನ್‌ಎ ಇರುವ ಕಣ ಇನ್ನೂ ಪರಿಣಾಮಕಾರಿ ಎಂದು ಆಮೇಲೆ ತಿಳಿಯಿತು, ಏಕೆಂದರೆ ಆರ್‌ಎನ್‌ಎಯನ್ನು ಗುರುತಿಸುವ ಟಿಎಲ್‌ಆರ್-7 ಎಂಬ ರಿಸೆಪ್ಟರೂ (ರೋಗನಿರೋಧಕ ಕೋಶದ ಗುರುತು ಹಿಡಿಯುವ ಪ್ರೋಟೀನ್) ಎಚ್ಚರವಾಗುತ್ತದೆ.

ಹೊಸ ತತ್ವವೇನೂ ಅಲ್ಲ. ಮೂತ್ರಕೋಶದ ಮೇಲ್ಪದರದ ಕ್ಯಾನ್ಸರಿಗೆ ಬಿಸಿಜಿ ಲಸಿಕೆಯನ್ನು ಮೂತ್ರಕೋಶದೊಳಗೇ ಬಿಡುವುದು ನಮ್ಮ ಆಸ್ಪತ್ರೆಗಳಲ್ಲೂ ಮಾಮೂಲಿ ಚಿಕಿತ್ಸೆ. ಬಿಸಿಜಿಯಲ್ಲಿ ಬದುಕಿರುವ ಬ್ಯಾಕ್ಟೀರಿಯಾ ಇರುತ್ತದೆ, ಅಪರೂಪಕ್ಕೆ ಅದರಿಂದಲೇ ಸೋಂಕಾಗಬಹುದು. ಸಿಪಿಎಂವಿಯಿಂದ ಮನುಷ್ಯರಿಗೆ ಆ ಅಪಾಯ ಇಲ್ಲ.

ಔಷಧಶಾಸ್ತ್ರಪಾಠ

ಗಡ್ಡೆಗೇ ನೇರ ಚುಚ್ಚುವುದಾದರೆ ಶೇ 0.7ರ ಪ್ರಶ್ನೆ ಅಲ್ಲಿಗೆ ಮುಗಿಯಿತು, ಒಪ್ಪಿದೆ. ಪ್ರತಿಕಾಯಗಳು ಬರುವುದು ಇಲ್ಲಿ ತೊಂದರೆಯ ಬದಲು ಸಹಾಯವೇ ಆಗಬಹುದು. ಆದರೆ ಸೂಜಿ ತಲುಪದ ಗಡ್ಡೆಗಳಿಗೆ ಏನು? ಮೇದೋಜೀರಕ ಗ್ರಂಥಿ, ಮಿದುಳು? ಅಲ್ಲಿಗೆ ಮತ್ತೆ ರಕ್ತದ ದಾರಿಯೇ ಗತಿ. ಹಾಗಾಗಿ ಹೊರುವ ಕಣದ ಸಂಶೋಧನೆಯನ್ನು ಕೈಬಿಡುವಂತಿಲ್ಲ.

ಪಶುವೈದ್ಯಧಾರವಾಡ

ನಾಯಿಗಳ ಮ್ಯಾಲೆ ಆಗಿರೋ ಕೆಲಸ ಯಾರೂ ಹೇಳಲಿಲ್ಲ, ಅದಕ್ಕ ಬರೀತೀನಿ. ಇಲಿಗಿಂತ ನಾಯಿ ಪುರಾವೆ ನನಗ ಹೆಚ್ಚು ತೂಕದ್ದು. ಇಲಿಗೆ ಗಡ್ಡಿ ನಾವು ತಂದು ಹಾಕತೀವಿ, ನಾಯಿಗೆ ಅದು ಮನುಷ್ಯರಿಗೆ ಬಂದಂಗ ತಾನಾಗೇ ಬರತೈತಿ. ಬಾಯಿಯ ಮೆಲನೋಮಾ ಇದ್ದ ಸಾಕುನಾಯಿಗಳಿಗೆ ಡಾರ್ಟ್‌ಮೌತ್‌ನವರು ಸಿಪಿಎಂವಿ ಕೊಟ್ಟು ನೋಡ್ಯಾರ. ಮ್ಯಾಡ್ರಿಡ್‌ನ ಕಾಂಪ್ಲುಟೆನ್ಸೆ ವಿಶ್ವವಿದ್ಯಾಲಯದ ಪಶುವೈದ್ಯರು ಹೆಣ್ಣು ನಾಯಿಗಳ ಉರಿಯೂತದ ಸ್ತನ ಕ್ಯಾನ್ಸರಿಗೆ ಗಡ್ಡಿಯೊಳಗ ಚುಚ್ಚಿದ್ರು, ಫಲಿತಾಂಶ 2022ರಾಗ ಬಂತು. ಆ ರೋಗ ಭಾಳ ಕೆಟ್ಟದ್ದು, ಶಸ್ತ್ರಕ್ರಿಯೆಗೂ ಸಿಗಲಾರದಂಗ ಚರ್ಮಕ್ಕೆಲ್ಲ ಹರಡಿರತೈತಿ. ಗಡ್ಡಿ ಕುಗ್ಗಿತು, ದೊಡ್ಡ ಅಡ್ಡಪರಿಣಾಮ ಕಾಣಲಿಲ್ಲ. ನಾಯಿಗಳ ಸಂಖ್ಯೆ ಸಣ್ಣದು, ಅದನ್ನೂ ನೆನಪಿಡಬೇಕು.

ನಮ್ಮ ಕ್ಲಿನಿಕ್ಕಿಗೆ ಸ್ತನದ ಗಡ್ಡಿ ಇರೋ ನಾಯಿ ಬರತಾನೇ ಇರತಾವು, ಹೆಚ್ಚಿನವು ತಡವಾಗಿ. ಇಂಥಾದ್ದು ನಮ್ಮ ಕಡೆನೂ ಪ್ರಯೋಗಕ್ಕ ಬಂದರ ನಾಯಿಗೂ ಒಳ್ಳೇದು, ಮನುಷ್ಯರಿಗೂ ದಾರಿ ಆಗತೈತಿ.

ಕಬ್ಬಿನಗದ್ದೆ

ಅಲಸಂದೆ ಅಂದ ಕೂಡ್ಲೇ ಕಿವಿ ನೆಟ್ಟಗಾಯ್ತು ಮೇಡಂ. ನಾವು ಬದುವಿನ ಸಾಲಲ್ಲಿ ಅಲಸಂದೆ ಹಾಕ್ತೀವಿ. ಹಳದಿ ನಂಜು ಬಂದ ಎಲೆಯಲ್ಲಿ ಇರೋದು ಇದೇ ವೈರಸ್ಸಾ? ಇನ್ನೊಂದು, ಔಷಧಿಗೆ ಅಂತ ವೈರಸ್ ಬೆಳೆಸಿದ್ರೆ ಅದು ಹೊಲಕ್ಕೆ ಹಾರಿ ಬೆಳೆ ಹಾಳಾಗಲ್ವಾ?

ಎಲೆಮೊಸಾಯಿಕ್

ನಿಮ್ಮ ಹೊಲದ್ದು ಬಹುಮಟ್ಟಿಗೆ ಬೇರೆ. ಹಳದಿ ನಂಜು ತರುವುದು ಬಿಳಿ ನೊಣ ಹರಡುವ ಬೇರೆ ಕುಟುಂಬದ ವೈರಸ್. ಸಸ್ಯಹೇನು ಹರಡುವ ಮೊಸಾಯಿಕ್ ಕೂಡ ಬೇರೆಯೇ. ಸಿಪಿಎಂವಿಯನ್ನು ಮೊದಲು ವರದಿ ಮಾಡಿದ್ದು ನೈಜೀರಿಯಾದಲ್ಲಿ, 1959ರಲ್ಲಿ. ಅದನ್ನು ಹರಡುವುದು ಎಲೆ ತಿನ್ನುವ ಜೀರುಂಡೆಗಳು. ರೋಗದ ಎಲೆ ಕಿತ್ತು ರಸ ಕುಡಿಯುವುದು, ಗಡ್ಡೆಗೆ ಹಚ್ಚುವುದು ಇಂಥ ಕೆಲಸ ಯಾರೂ ಮಾಡಬಾರದು ಅಂತ ಇಲ್ಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ. ಅದರಲ್ಲಿ ಔಷಧಿಯೂ ಇಲ್ಲ, ಶುದ್ಧತೆಯೂ ಇಲ್ಲ.

ಹೊಲಕ್ಕೆ ಹರಡುವ ನಿಮ್ಮ ಆತಂಕ ಸಂಶೋಧಕರಿಗೂ ಇದೆ. ವೈರಸ್ ಬೆಳೆಸುವುದು ಕೀಟ ಬಾರದ ಮುಚ್ಚಿದ ಗಾಜಿನ ಮನೆಯಲ್ಲಿ. ಎಲೆಗೆ ವೈರಸ್ ಸವರಿ, ಗಿಡದಲ್ಲಿ ತುಂಬಿದ ಮೇಲೆ ಕೊಯ್ದು ಅರೆದು ಶುದ್ಧ ಮಾಡುತ್ತಾರೆ. ಒಂದು ಕಿಲೊ ಎಲೆಯಿಂದ ಸುಮಾರು ಒಂದು ಗ್ರಾಂ ವೈರಸ್ ಸಿಗುತ್ತದೆ. ಇಲಿಗೆ ಒಮ್ಮೆ ಕೊಡುವುದು ಮಿಲಿಗ್ರಾಂನ ಹತ್ತನೇ ಒಂದು ಭಾಗದ ಆಸುಪಾಸು, ಹಾಗಾಗಿ ಇದು ದೊಡ್ಡ ಇಳುವರಿಯೇ. ಆಮೇಲೆ ನೇರಳಾತೀತ ಬೆಳಕಿನಿಂದ ಅಥವಾ ಫಾರ್ಮಾಲಿನ್‌ನಿಂದ ಅದರ ಸೋಂಕಿನ ಶಕ್ತಿ ತೆಗೆಯುವ ವಿಧಾನಗಳನ್ನೂ ಪರೀಕ್ಷಿಸಿದ್ದಾರೆ. ಗಿಡಕ್ಕೂ ಸೋಂಕಾಗಬಾರದು, ಗಡ್ಡೆಯ ಮೇಲಿನ ಪರಿಣಾಮವೂ ಉಳಿಯಬೇಕು.

ಬಿಎಸ್ಸಿಮೂರನೇವರ್ಷ

ಮ್ಯಾಮ್, ತುಮಕೂರಿನಲ್ಲಿ ಬಯೋಟೆಕ್ನಾಲಜಿ ಓದುತ್ತಿದ್ದೇನೆ. ಇದೆಲ್ಲ ಅಮೆರಿಕದಲ್ಲೇ ಆಗುತ್ತಿರುವುದಾ? ಇಲ್ಲಿ ಮಾಡಲು ದಾರಿ ಇದೆಯಾ?

ಎಲೆಮೊಸಾಯಿಕ್

ಇದೆ, ಅದೂ ನಿಮ್ಮ ಊರಿನ ಪಕ್ಕದಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್.ಎಸ್. ಸಾವಿತ್ರಿ ಮತ್ತು ಎಂ.ಆರ್.ಎನ್. ಮೂರ್ತಿ ದಶಕಗಳ ಕಾಲ ಸಸ್ಯ ವೈರಸ್‌ಗಳ ರಚನೆ ಬಿಡಿಸಿದರು. ಚೊಗಚೆ ಮರದ ಸೆಸ್ಬೇನಿಯಾ ಮೊಸಾಯಿಕ್ ವೈರಸ್, ಟೊಮೆಟೊ ಕುಟುಂಬದ ಕಳೆಗಿಡವೊಂದರ ಫೈಸಾಲಿಸ್ ಮಾಟಲ್ ವೈರಸ್ ಅವರ ಮುಖ್ಯ ಕೆಲಸ. ಯಾವ ಅಮೈನೊ ಆಮ್ಲ ತೆಗೆದರೆ ಕವಚ ಕಟ್ಟಿಕೊಳ್ಳುವುದಿಲ್ಲ, ಕ್ಯಾಲ್ಸಿಯಂ ಎಲ್ಲಿ ಕೂರುತ್ತದೆ ಅಂತ ಒಂದೊಂದಾಗಿ ನೋಡಿದರು. ಆಗ ಅದಕ್ಕೆ ಕ್ಯಾನ್ಸರ್ ಜೊತೆ ನೇರ ಸಂಬಂಧ ಇರಲಿಲ್ಲ.

ಫೈಸಾಲಿಸ್ ವೈರಸ್‌ನ ಕವಚದ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇಟ್ಟರೆ ಸಾಕು, 180 ಪ್ರೋಟೀನುಗಳು ತಾವಾಗಿಯೇ ಸೇರಿ ಖಾಲಿ ಕಣ ಆಗುತ್ತವೆ. ಗಿಡವೇ ಬೇಡ, ಸೋಂಕಿನ ಮಾತೇ ಇಲ್ಲ. 2017ರಲ್ಲಿ ಇದೇ ಕಣಗಳಿಗೆ ಬಣ್ಣದ ಅಣುಗಳನ್ನೂ ಕ್ಯಾನ್ಸರ್ ಔಷಧಿಗಳನ್ನೂ ಸೇರಿಸಿ ಸ್ಟೈನ್‌ಮೆಟ್ಜ್ ತಂಡ ಪ್ರಕಟಿಸಿತು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಮಾಡಿದ ಮೂಲ ವಿಜ್ಞಾನ ಇಲ್ಲದಿದ್ದರೆ ಆ ಕಣ ಅವರ ಕೈಗೆ ಬರುತ್ತಲೇ ಇರಲಿಲ್ಲ.

ನೀವು ಈಗ ಕಲಿಯಬೇಕಾದದ್ದು ಪ್ರೋಟೀನ್ ಶುದ್ಧೀಕರಣ ಮತ್ತು ರಚನೆ ಓದುವ ವಿದ್ಯೆ. ರೋಗನಿರೋಧಕ ಶಾಸ್ತ್ರದ ಪಾಠವನ್ನು ಪರೀಕ್ಷೆಗಷ್ಟೇ ಓದಿ ಬಿಡಬೇಡಿ. ಗಿಡದ ಕಡೆಯವರಿಗೆ ಟಿ ಕೋಶ ಗೊತ್ತಿಲ್ಲ, ಕ್ಯಾನ್ಸರ್ ಕಡೆಯವರಿಗೆ ಗಿಡದ ವೈರಸ್ ಗೊತ್ತಿಲ್ಲ. ಎರಡೂ ಗೊತ್ತಿರುವವರು ನಮ್ಮಲ್ಲಿ ಬೆರಳೆಣಿಕೆಯಷ್ಟು.

ಹೇಮಾವತಿತೀರ

ಎಲ್ಲವನ್ನೂ ಚಿಕ್ಕಪ್ಪನಿಗೆ ಓದಿ ಹೇಳಿದೆ. ಕೀಮೋ ತಡೆಯುವ ಮಾತು ಬಿಟ್ಟಿದ್ದಾರೆ. ಡಾಕ್ಟರ ಹತ್ತಿರ ಹೋದಾಗ ಏನು ಕೇಳಬೇಕು ಸಿಸ್ಟರ್?

ಡೇಕೇರ್ಸಿಸ್ಟರ್

ಇದುವರೆಗೆ ಒಟ್ಟು ಎಷ್ಟು ಡಾಕ್ಸೊರುಬಿಸಿನ್ ಹೋಗಿದೆ, ಇನ್ನೆಷ್ಟು ಬಾಕಿ, ಮುಂದಿನ ಎಕೋ ಯಾವಾಗ, ಇಷ್ಟು ಕೇಳಿ ಫೈಲಿನಲ್ಲಿ ಬರೆಸಿಕೊಳ್ಳಿ. ಮುಂದೆ ಎಂದಾದರೂ ಬೇರೆ ಊರಲ್ಲಿ ತೋರಿಸಬೇಕಾದರೆ ಆ ಒಟ್ಟು ಲೆಕ್ಕ ಬೇಕೇ ಬೇಕು. ಮೊದಲೇ ಬಿಪಿ, ಸಕ್ಕರೆ ಅಥವಾ ಹೃದಯದ ತೊಂದರೆ ಇದ್ದರೆ ಅದನ್ನೂ ಮರೆಯದೆ ಹೇಳಿ. ಲೈಪೊಸೋಮ್ ರೂಪದ ಔಷಧಿ ಅವರಿಗೆ ಹೊಂದುತ್ತದೆಯೇ ಅಂತಲೂ ಕೇಳಬಹುದು, ಎಲ್ಲರಿಗೂ ಅದು ಬೇಕಾಗುವುದಿಲ್ಲ. ಕೀಮೋ ಆದ ಮೇಲೆ ಜ್ವರ 100.4 ಡಿಗ್ರಿ ದಾಟಿದರೆ ಮನೆಯಲ್ಲಿ ಮಾತ್ರೆ ಕೊಟ್ಟು ಕಾಯಬೇಡಿ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಬನ್ನಿ.